ದೊಡ್ಡಪ್ಪನ ಐವತ್ತು ವರ್ಷದ ಚಿತ್ರಗಳಿಗೆ ಬೂಷ್ಟು ಹಿಡಿದಿದೆ, ಏನು ಮಾಡಲಿ?

ಮಾದಾಪುರದ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ.

ನಮ್ಮ ದೊಡ್ಡಪ್ಪನಿಗೆ ಈಗ 73 ವರ್ಷ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಐವತ್ತು ವರ್ಷಕ್ಕೂ ಮೇಲಾಯಿತು, ಎಣ್ಣೆ ಬಣ್ಣದಲ್ಲಿ ಚಿತ್ರ ಬರೆಯುತ್ತಲೇ ಇದ್ದಾರೆ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆಯುವುದು ಅವರ ದಾರಿ. ಕೊಡಗಿನ ನಮ್ಮ ಗದ್ದೆ, ಹಟ್ಟಿಹೊಳೆ, ಕಾಫಿ ಒಣಗಿಸುವ ಕಣ, ಕೊಟ್ಟಿಗೆ, ಸೋಮವಾರಪೇಟೆ ಸಂತೆ ಮುಗಿಸಿ ಬಸ್ಸಿಗೆ ಕಾಯುವ ಅಜ್ಜಿಯರು. ಮನೆ ಎದುರಿನ ಗುಡ್ಡ ಒಂದನ್ನೇ ಮೂವತ್ತು ಸಲವಾದರೂ ಬರೆದಿರಬೇಕು. ಪ್ರದರ್ಶನ ಅಂತ ಇಟ್ಟದ್ದು ಎರಡೇ ಸಲ. ಮಾರಿದ್ದು ಬೆರಳೆಣಿಕೆಯಷ್ಟು.

ಉಳಿದದ್ದೆಲ್ಲ ಅಟ್ಟದಲ್ಲಿದೆ. ಈ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಏಣಿ ಹತ್ತಿ ನೋಡಿದೆ. ಕ್ಯಾನ್ವಾಸ್‌ಗಳ ಬೆನ್ನಿಗೆಲ್ಲ ಬಿಳಿ ಬೂಷ್ಟು. ಕೆಲವಕ್ಕೆ ಮುಂದುಗಡೆಯೂ ಬೂದು ಚುಕ್ಕೆ ಬಂದಿದೆ. ಇನ್ನು ಕೆಲವು ಚಹದ ಕಲೆಯ ಹಾಗೆ ಹಳದಿ ತಿರುಗಿವೆ. ದೊಡ್ಡಮ್ಮ ಒದ್ದೆ ಬಟ್ಟೆ ಹಿಡಿದು ಒರೆಸೋಕೆ ಹೊರಟಿದ್ದರು, ನಾನು ತಡೆದೆ. ತಡೆದದ್ದು ಸರಿಯೇ?

ಇನ್ನೊಂದು ಮಾತೂ ಹೇಳಬೇಕು. ಅವತ್ತು ರಾತ್ರಿ ಊಟಕ್ಕೆ ಕೂತಾಗ ನನ್ನ ಚಿಕ್ಕಪ್ಪನ ಮಗ, "ಇಷ್ಟೆಲ್ಲ ಒದ್ದಾಟ ಯಾಕೆ, ಫೋನಲ್ಲಿ ಫೋಟೋ ತೆಗೆದಿಟ್ಕೊಂಡು ಹಾಳಾದದ್ದನ್ನ ಬಿಸಾಕಿ, ಆ ಗುಡ್ಡದ ಫೋಟೋ ಈಗ ಎಲ್ಲರ ಹತ್ರಾನೂ ಇದೆ" ಅಂದ. ದೊಡ್ಡಪ್ಪ ಏನೂ ಹೇಳಲಿಲ್ಲ. ತಟ್ಟೆಯಲ್ಲಿ ಅರ್ಧ ಕಡುಬು ಬಿಟ್ಟು ಎದ್ದುಹೋದರು. ಅವತ್ತಿಂದ ನನಗೆ ಸಮಾಧಾನ ಇಲ್ಲ.

ಕುಶಾಲನಗರ ಫ್ರೇಮ್ ಕೆಲಸ

ತಂಗಿ, ತಡೆದದ್ದು ನೂರಕ್ಕೆ ನೂರು ಸರಿ. ಒದ್ದೆ ಬಟ್ಟೆ ತಾಗಿದರೆ ಬೂಷ್ಟು ನೂಲಿನೊಳಗೆ ಇಳಿಯುತ್ತೆ, ಮತ್ತೆ ತೆಗೆಯೋಕಾಗಲ್ಲ.

ಮೊದಲು ಅಟ್ಟದಿಂದ ಕೆಳಗಿಳಿಸಿ. ಒಂದರ ಮೇಲೊಂದು ಒರಗಿಸಬೇಡಿ, ನಡುವೆ ಗಾಳಿ ಆಡಬೇಕು. ಮಳೆ ಹೊಡೆಯುವ ಗೋಡೆ ಬಿಟ್ಟು ಒಳಗೋಡೆಗೆ ನಿಲ್ಲಿಸಿ. ಗಾಳಿ ನೇರ ಚಿತ್ರಕ್ಕೆ ಬಡಿಯದ ಹಾಗೆ ಫ್ಯಾನ್ ಹಾಕಿ, ಪೂರ್ತಿ ಒಣಗೋ ತನಕ ಮುಟ್ಟಬೇಡಿ. ಒಣಗಿದ ಮೇಲೆ ಮೂಗಿಗೆ ಮಾಸ್ಕ್ ಕಟ್ಟಿ ಜಗಲಿಗೆ ತಂದು, ಮೆತ್ತನೆಯ ಬ್ರಷ್‌ನಲ್ಲಿ ಬೆನ್ನಿನ ಬೂಷ್ಟು ಹಗುರವಾಗಿ ಕೊಡವಿ. ಮುಂದಿನ ಬಣ್ಣ ಎದ್ದಿದ್ದರೆ, ಬಿರುಕು ಬಿಟ್ಟಿದ್ದರೆ ಅದಕ್ಕೆ ಕೈ ಹಚ್ಚಬೇಡಿ, ಗೊತ್ತಿದ್ದವರಿಗೆ ತೋರಿಸಿ. ಪ್ಲಾಸ್ಟಿಕ್ ಸುತ್ತಿ ಇಡೋದಂತೂ ಬೇಡವೇ ಬೇಡ. ನಮ್ಮ ಕಡೆ ಎಲ್ಲರೂ ಮಾಡೋ ತಪ್ಪು ಅದು. ಒಳಗಿನ ತೇವ ಅಲ್ಲೇ ಕೂತು ಇನ್ನೂ ಕೆಡಿಸುತ್ತೆ.

ಒಂದು ಪ್ರಶ್ನೆ: ಅವರು ಕ್ಯಾನ್ವಾಸ್ ಅಂಗಡಿಯಿಂದ ತರ್ತಾರಾ, ಮನೆಯಲ್ಲೇ ಮಾಡ್ತಾರಾ?

ಮಾದಾಪುರದ ಮಗಳು

ಅಣ್ಣಾ, ಕೇಳಿದೆ. ಮೊದಲ ಇಪ್ಪತ್ತು ವರ್ಷ ಎಲ್ಲ ಮನೆಯಲ್ಲೇ ಮಾಡಿದ್ದಂತೆ. ಮೇಷ್ಟ್ರ ಸಂಬಳದಲ್ಲಿ ಮೈಸೂರಿಂದ ಬಣ್ಣದ ಟ್ಯೂಬ್ ತರೋದೇ ಕಷ್ಟ ಇತ್ತು. ಹಾಗಾಗಿ ದಪ್ಪ ಕೋರಾ ಬಟ್ಟೆ ಬಿಗಿದು, ಬಡಗಿಗಳ ಹತ್ತಿರ ಮರವಜ್ರ ತಂದು ಕುದಿಸಿ, ಅದಕ್ಕೆ ಸೀಮೆಸುಣ್ಣದ ಪುಡಿ ಕಲಸಿ ಬಳಿಯುತ್ತಿದ್ದರಂತೆ.

ಕುಶಾಲನಗರ ಫ್ರೇಮ್ ಕೆಲಸ

ಅದೇ ಕಾರಣ. ಮರವಜ್ರ ಅಂದರೆ ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡಿದ ಅಂಟು. ಗಾಳಿಯ ತೇವ ಹೀರಿಕೊಂಡು ಉಬ್ಬುತ್ತೆ, ಬೇಸಗೆಯಲ್ಲಿ ಬಿಗಿಯುತ್ತೆ. ಬೂಷ್ಟಿಗೆ ಅದು ಊಟ ಬಡಿಸಿದ ಹಾಗೆ. ಆದರೆ ಅದನ್ನು ತಪ್ಪು ಅನ್ನಬೇಡಿ, ಹಳೇ ಕಾಲದ ದೊಡ್ಡ ದೊಡ್ಡ ಚಿತ್ರಕಾರರೂ ಅಂಥದೇ ಅಂಟು ಬಳಿಯುತ್ತಿದ್ದರು. ನಮ್ಮ ಮಳೆ ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಹಳದಿ ಬಗ್ಗೆ: ಅಗಸೆ ಎಣ್ಣೆಯ ಗುಣ ಅದು. ಕತ್ತಲಲ್ಲಿ ಇಟ್ಟಷ್ಟೂ ಹಳದಿಯಾಗುತ್ತೆ. ಬೆಳಕಿಗೆ ತಂದರೆ ಎಷ್ಟೋ ಬಿಡುತ್ತೆ. ನೇರ ಬಿಸಿಲು ಬೀಳದ ಕಿಟಕಿ ಪಕ್ಕ ಕೆಲವು ವಾರ ಇಟ್ಟು ನೋಡಿ.

ಹೊಳೆದಂಡೆ

ನಾನು ತೋಟ ಮಾಡಿಕೊಂಡಿರುವವನು, ಚಿತ್ರಕಲೆ ಓದಿದವನಲ್ಲ. ಆದರೆ ಫೋಟೋ ಬಗ್ಗೆ ನಿಮ್ಮ ತಮ್ಮ ಹೇಳಿದ ಮಾತಿಗೆ ಉತ್ತರ ಹೇಳದೆ ಇರಲಾರೆ.

ಕಾಫಿ ಹೂ ಬಿಟ್ಟಾಗ ಪ್ರತಿ ವರ್ಷ ಫೋಟೋ ತೆಗೀತೀನಿ. ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಹೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತಲ್ಲ, ಆಗ. ಹತ್ತು ವರ್ಷದ ಫೋಟೋ ಫೋನಲ್ಲಿದೆ. ಒಂದರ ಮುಂದೆ ಒಂದು ಇಟ್ಟರೆ ಯಾವುದು ಯಾವ ವರ್ಷದ್ದು ಅಂತ ನನಗೇ ಹೇಳೋಕಾಗಲ್ಲ. ನಾನು ನಿಂತದ್ದು ಎರಡು ಸೆಕೆಂಡು, ಆಮೇಲೆ ತೋಟದ ಕೆಲಸ ನೋಡೋಕೆ ಹೋದೆ. ನಿಮ್ಮ ದೊಡ್ಡಪ್ಪ ಅದೇ ಹೂವಿನ ಮುಂದೆ ಮೂರು ದಿನ ಕೂತಿರುತ್ತಾರೆ. ಆ ಮೂರು ದಿನ ಚಿತ್ರದೊಳಗೆ ಇರುತ್ತೆ ಅಂತ ನನಗನ್ನಿಸುತ್ತೆ.

ಕಕ್ಕಬ್ಬೆ ಕಡೆಯವ

ಕೊಡಗಿಗೂ ಈ ಥರದ ಚಿತ್ರಕ್ಕೂ ಹಳೇ ನಂಟಿದೆ. ನಾಲ್ಕುನಾಡು ಅರಮನೆಗೆ ಹೋದವರು ಗೋಡೆ ಮೇಲಿನ ಚಿತ್ರ ನೋಡಿರುತ್ತೀರಿ. 1790ರ ದಶಕದಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಅಷ್ಟು ಮಳೆ ಬೀಳುವ ಜಾಗ, ಗೋಡೆಯ ಬಣ್ಣ ಮಾಸಿದೆ, ಕಿತ್ತಿದೆ. ನಾನು ಶಾಲೆಗೆ ಹೋಗುವಾಗ ಕಂಡಿದ್ದ ಕೆಲವು ಗೆರೆ ಈಗ ಕಾಣುವುದಿಲ್ಲ.

ಆದರೆ ನಮ್ಮ ಕೊನೆಯ ದೊರೆ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ ಇದ್ದಳಲ್ಲ, ಅವಳ ಎಣ್ಣೆ ಬಣ್ಣದ ಭಾವಚಿತ್ರ ಇವತ್ತಿಗೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. 1852ರಲ್ಲಿ ತಂದೆ ಅವಳನ್ನು ಅಲ್ಲಿಗೆ ಕರೆದೊಯ್ದ. ವಿಕ್ಟೋರಿಯಾ ರಾಣಿ ದೀಕ್ಷಾಮಾತೆಯಾಗಿ ನಿಂತು ಕ್ರೈಸ್ತ ದೀಕ್ಷಾಸ್ನಾನ ಮಾಡಿಸಿದಳು. ರಾಣಿಯ ಮೆಚ್ಚಿನ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳನ್ನು ಎದುರಿಗೆ ಕೂರಿಸಿಕೊಂಡು ಬರೆದ. ಹನ್ನೊಂದು ವರ್ಷದ ಹುಡುಗಿ. 1864ರಲ್ಲಿ, ಇನ್ನೂ 23 ತುಂಬುವ ಮೊದಲೇ ತೀರಿಕೊಂಡಳು. ಊರು ಬಿಟ್ಟ ಆ ಮಗುವಿನ ಮುಖ ನಮಗೆ ಇವತ್ತು ಗೊತ್ತಿರೋದು, ಯಾರೋ ಕೂತು ಅವಳನ್ನು ನೋಡಿ ಬರೆದದ್ದಕ್ಕೆ. ನಿಮ್ಮ ದೊಡ್ಡಪ್ಪನ ಸಂತೆಯ ಅಜ್ಜಿಯರ ಚಿತ್ರ ದಯವಿಟ್ಟು ಕಾಪಾಡಿ. ಆ ಅಜ್ಜಿಯರಿಗೆ ಯಾವ ರಾಣಿಯೂ ಇರಲಿಲ್ಲ.

ಮೈಸೂರು ಬಣ್ಣ

ನಾನು ಕೊಡಗಿನವಳು, ಮೈಸೂರಿನಲ್ಲಿ ಚಿತ್ರಕಲೆ ಓದ್ತಿದೀನಿ. ಕ್ಲಾಸಿನಲ್ಲಿ "ಕಂಡಂಗೆ ಬರೆಯೋದು ಹಳೇ ಕಾಲದ್ದು" ಅನ್ನೋ ಮಾತು ಆಗಾಗ ಬರುತ್ತೆ. ಹಾಗನ್ನಿಸಿದಾಗೆಲ್ಲ ಜಗನ್ಮೋಹನ ಅರಮನೆಗೆ ಹೋಗಿ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಂತ್ಕೋತೀನಿ. ಅದು ರವಿವರ್ಮನದು ಅಂತಲೇ ಎಷ್ಟೋ ಜನ ನಂಬಿದ್ದಾರೆ. ಅಲ್ಲ. ಸಾವಂತವಾಡಿಯ ಎಸ್.ಎಲ್. ಹಲ್ದಣಕರ್ 1945-46ರ ಹೊತ್ತಿಗೆ ಬರೆದದ್ದು. ಎಣ್ಣೆ ಬಣ್ಣವೂ ಅಲ್ಲ, ಜಲವರ್ಣ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಜ್ವಾಲೆಗೆ ಅಡ್ಡ ಹಿಡಿದ ಕೈಬೆರಳಿನ ಸಂದಿಯಲ್ಲಿ ರಕ್ತದ ಕೆಂಪು ಕಾಣುತ್ತಲ್ಲ, ಅದನ್ನು ಮನೆಯಲ್ಲಿ ನೀವೇ ದೀಪದ ಮುಂದೆ ಕೈ ಹಿಡಿದು ನೋಡಿ. ನಮ್ಮೆಲ್ಲರ ಬೆರಳಲ್ಲೂ ದಿನಾ ಆಗುವಂಥದ್ದು. ನಾವು ನೋಡಿರೋದಿಲ್ಲ, ಅಷ್ಟೇ.

ಅಕ್ಕಾ, ದೊಡ್ಡಪ್ಪನವರನ್ನು ಒಂದು ಕೇಳ್ತೀರಾ? ಇಷ್ಟು ವರ್ಷ ಒಂದೇ ಗುಡ್ಡ ಬರೆಯೋಕೆ ಬೇಜಾರಾಗಲ್ವಾ ಅಂತ. ನಂಗೆ ಮೂರನೇ ಸಲಕ್ಕೇ ಕೈ ಸೋಲುತ್ತೆ.

ಊಟದ ದಿನದ ತಮ್ಮ

ಆ ಮಾತು ಹೇಳಿದವನು ನಾನೇ. ಅಕ್ಕ ಇಲ್ಲಿ ಬರೆದದ್ದು ಓದಿದೆ. ನನ್ನ ಮಾತೂ ಕೇಳಿ.

ದೊಡ್ಡಪ್ಪ ಪಿಂಚಣಿ ಬಂದ ವಾರವೇ ಬಣ್ಣಕ್ಕೆ ದುಡ್ಡು ಕಳಿಸ್ತಾರೆ. ಮಂಡಿ ನೋವಿಗೆ ತಗೋಬೇಕಾದ ಮಾತ್ರೆ ಮುಂದಿನ ತಿಂಗಳು ಅಂತಾರೆ. ಹೋದ ವರ್ಷ ಅಟ್ಟ ಹತ್ತೋಕೆ ಹೋಗಿ ಏಣಿಯಿಂದ ಜಾರಿದರು, ಹಿಡಿದವನು ನಾನು. ಜಿಗಣೆ ಕಚ್ಚಿ ಕಾಲೆಲ್ಲ ರಕ್ತ ಸೋರ್ತಿದ್ದರೂ ಹೊಳೆ ಹತ್ತಿರ ಎದ್ದೇಳದೆ ಕೂತಿದ್ದನ್ನು ನೋಡಿದ್ದೀನಿ. ಅವರಿಗೆ ಏನಾದರೂ ಆದರೆ ಅನ್ನೋ ಭಯದಲ್ಲಿ ಬಾಯಿಗೆ ಬಂದದ್ದು ಅದು. ಬಿಸಾಕಿ ಅಂದದ್ದು ತಪ್ಪು. ಅವರ ಹತ್ತಿರ ಇನ್ನೂ ಹೇಳೋಕಾಗಿಲ್ಲ.

ಹೊಳೆದಂಡೆ

ತಮ್ಮಾ, ನಿನ್ನ ಭಯ ಅರ್ಥ ಆಗುತ್ತೆ. ಹೋಗಿ ಆ ಕ್ಯಾನ್ವಾಸ್ ನೀನೇ ಇಳಿಸಿಕೊಡು. ಬೇರೆ ಮಾತು ಬೇಡ.

ಮಾದಾಪುರದ ಮಗಳು

ಇಳಿಸಿದ. ನಿನ್ನೆ ಬೆಳಗ್ಗೆಯಿಂದ ಸಂಜೆ ತನಕ ಒಬ್ಬನೇ ಎಲ್ಲ ಇಳಿಸಿ, ನಡುಮನೆಯಲ್ಲಿ ಸಾಲಾಗಿ ನಿಲ್ಲಿಸಿದ. ಒಟ್ಟು 137. ಕಾಲಿಡೋಕೆ ಜಾಗ ಇಲ್ಲ. ದೊಡ್ಡಪ್ಪ ಕುರ್ಚಿ ಹಾಕಿಕೊಂಡು ಕೂತು ಒಂದೊಂದನ್ನೂ ಅವನಿಗೆ ತೋರಿಸಿ ಹೇಳ್ತಾ ಇದ್ದರು. ನಾನು ಪಕ್ಕದಲ್ಲಿ ಕೂತು ಬರ್ಕೊಂಡೆ. ಮೈಸೂರಿನ ತಂಗಿ ಕೇಳಿದ್ದಕ್ಕೂ ಉತ್ತರ ಇದರಲ್ಲಿದೆ. ಅವರ ಮಾತಲ್ಲೇ ಹಾಕ್ತೀನಿ:

"ಡ್ರಾಯಿಂಗ್ ಹೈಯರ್ ಗ್ರೇಡ್ ಪರೀಕ್ಷೆಗೆ ಕಲೀವಾಗ ನಮ್ಮ ಮೇಷ್ಟ್ರು ಮೇಜಿನ ಮೇಲೆ ಒಂದು ಹಿತ್ತಾಳೆ ಚೊಂಬು ಇಟ್ಟು ಬರೀರಿ ಅಂದರು. ಹಿತ್ತಾಳೆ ಅಂದಮೇಲೆ ಹಳದಿ, ಅಂತ ಎಲ್ಲರೂ ಹಳದಿ ಹಚ್ಚಿದೆವು. ಅವರು ನನ್ನ ಬೆನ್ನ ಹಿಂದೆ ನಿಂತು, 'ಚೊಂಬಿನೊಳಗೆ ನೀನು ಕಾಣ್ತಿಲ್ವೇನೋ?' ಅಂದರು. ನೋಡಿದರೆ ಹೌದು. ಚೊಂಬಿನ ಹೊಟ್ಟೆಯಲ್ಲಿ ನನ್ನ ನೀಲಿ ಅಂಗಿ ಸೊಟ್ಟಗೆ ಕಾಣ್ತಿದೆ, ಮೇಲೆ ಕಿಟಕಿಯ ಬಿಳುಪು, ಕೆಳಗೆ ಮೇಜಿನ ಕಂದು. ಹಳದಿ ಅಂತ ಇದ್ದದ್ದು ಕಂಠದ ಹತ್ತಿರ ಒಂದು ಬೆರಳಗಲ. ಹದಿನೈದು ವರ್ಷ ಅದೇ ಚೊಂಬಲ್ಲಿ ನೀರು ಕುಡಿದಿದ್ದೆ, ಒಂದು ದಿನವೂ ನೋಡಿರಲಿಲ್ಲ. ಅವತ್ತು ಹಿಡಿದದ್ದು ಇವತ್ತಿಗೂ ಬಿಟ್ಟಿಲ್ಲ.

"ಗುಡ್ಡ ಒಂದೇ ಅಂತಾರೆ. ಜೋರು ಮಳೆಯ ಕಕ್ಕಡ ಮಾಸದ ಗುಡ್ಡ ಬೇರೆ, ಸುಗ್ಗಿಯ ಹುತ್ತರಿ ಹೊತ್ತಿನ ಗುಡ್ಡ ಬೇರೆ. ಮಂಜು ಬಿದ್ದಾಗ ಬಿಳಿ ಬಣ್ಣ ಹಚ್ಚಿದರೆ ಸುಣ್ಣ ಬಳಿದ ಹಾಗಾಗುತ್ತೆ. ಮಂಜು ಏನು ಮಾಡುತ್ತೆ ಅಂದರೆ ದೂರದ ಮರದ ಕಪ್ಪನ್ನು ಕಿತ್ತುಕೊಳ್ಳುತ್ತೆ. ಅಂಚನ್ನು ಕರಗಿಸುತ್ತೆ. ಹಾಗಾಗಿ ನಾನು ಮಂಜು ಬರೆಯೋದಿಲ್ಲ, ಮರದ ಕಪ್ಪು ತೆಳುವಾಗೋದನ್ನ ಬರೀತೀನಿ. ಅದನ್ನು ತಿಳಿಯೋಕೆ ಎಂಟು ವರ್ಷ ಹಿಡೀತು.

"ಹಸಿರಂತೂ ಇನ್ನೂ ಕೈಗೆ ಸಿಕ್ಕಿಲ್ಲ. ಟ್ಯೂಬಿನ ಹಸಿರು ಹಾಗೇ ಹಚ್ಚಿದರೆ ಜಾತ್ರೆ ಪ್ಲಾಸ್ಟಿಕ್ ಎಲೆ. ಮೋಡದ ದಿನ ಕಾಫಿ ಎಲೆ ಮೇಲೆ ಆಕಾಶ ಹೊಳೆಯುತ್ತೆ, ಆವಾಗ ಅದು ಬೂದು ನೀಲಿ. ಅದೇ ಎಲೆಗೆ ಹಿಂದಿನಿಂದ ಬಿಸಿಲು ಬಂದರೆ ನಿಂಬೆಹಣ್ಣಿನ ಹಳದಿ. ಅರೇಬಿಕಾ ಚಿಗುರು ಕೆಲವು ಗಿಡದಲ್ಲಿ ತಾಮ್ರದ ಬಣ್ಣ. ನಾನು ಅಲ್ಟ್ರಾಮರೀನ್‌ಗೆ ಯೆಲ್ಲೋ ಓಕರ್ ಕಲಸಿ, ಚೂರು ಬರ್ಂಟ್ ಅಂಬರ್ ಹಾಕಿ ಶುರು ಮಾಡೋದು. ಮಳೆಗಾಲದಲ್ಲಿ ಅಂಬರ್ ಹಾಕಿದ ಜಾಗ ಬೇಗ ಒಣಗುತ್ತೆ, ಬಿಳಿ ಹಚ್ಚಿದ್ದು ವಾರವಾದರೂ ಬೆರಳಿಗೆ ಅಂಟುತ್ತೆ. ಹಾಗಾಗಿ ಆಕಾಶ ಯಾವಾಗಲೂ ಕೊನೆಗೆ ಒಣಗೋದು.

"ಮದ್ದುಸೊಪ್ಪಿನ ಪಾಯಸದ ಬಣ್ಣ ಇದೆಯಲ್ಲ, ಆಗಸ್ಟ್ 3ಕ್ಕೆ ಮಾಡ್ತೀವಲ್ಲ, ಆ ನೇರಳೆ. ಜುಲೈ ತಿಂಗಳ ಸಂಜೆ ಗುಡ್ಡದ ಬುಡದಲ್ಲಿ ಅದೇ ನೇರಳೆ ಇರುತ್ತೆ. ಯಾರಿಗೆ ಹೇಳಿದರೂ ನಂಬಲ್ಲ. ನಿಂತು ನೋಡಿದವರು ನಂಬ್ತಾರೆ.

"ಮೈಸೂರಿನ ವೆಂಕಟಪ್ಪನವರು ಊಟಿಯಲ್ಲಿ ಬರೆದ ಮೋಡಗಳನ್ನು ಬೆಂಗಳೂರಿನ ಗ್ಯಾಲರಿಯಲ್ಲಿ ನೋಡಿದ್ದೆ. ಕಾಗದದ ಮೇಲೆ ಬರೀ ನೀರು, ಬಣ್ಣ. ಮಳೆ ವಾಸನೆ ಬಂತು. ಬಸ್ ಹಿಡಿದು ಅವತ್ತೇ ಊರಿಗೆ ಬಂದುಬಿಟ್ಟೆ, ಬರೆಯೋಕೆ."

ಇಲ್ಲಿಗೆ ನಿಲ್ಲಿಸಿ ಕಾಫಿ ಕೇಳಿದರು. ತಮ್ಮ ಒಂದು ಚಿತ್ರ ಎತ್ತಿ ಹಿಡಿದು, "ಇದರಲ್ಲಿ ಈ ನೀಲಿ ಟಾರ್ಪಾಲ್ ಯಾಕೆ ದೊಡ್ಡಪ್ಪ, ಇಷ್ಟು ಚೆನ್ನಾಗಿರೋ ಗುಡ್ಡದಲ್ಲಿ?" ಅಂತ ಕೇಳಿದ.

ಆ ಚಿತ್ರಕ್ಕೊಂದು ಕಥೆ ಇದೆ. ಮಕ್ಕಂದೂರು ಕಡೆಯ ಒಂದು ಇಳಿಜಾರು. ಮೇಲೆ ಕಾಡು, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ, ಮಧ್ಯೆ ಒಂದು ಕೊಟ್ಟಿಗೆ. ಕೊಟ್ಟಿಗೆಯ ಹೆಂಚು ಒಡೆದ ಕಡೆ ನೀಲಿ ಟಾರ್ಪಾಲ್ ಹೊದಿಸಿ ಕಲ್ಲು ಹೇರಿದ್ದಾರೆ. ಒಂದು ಹೋಂಸ್ಟೇಯವರು ಒಳ್ಳೇ ಬೆಲೆಗೆ ಕೇಳಿದ್ದರು, ಟಾರ್ಪಾಲ್ ಅಳಿಸಿ ಹೆಂಚು ಬರೆದುಕೊಟ್ಟರೆ ಅಂತ. ದೊಡ್ಡಪ್ಪ ಒಪ್ಪಲಿಲ್ಲ. ಆ ವರ್ಷ ಮನೆಯಲ್ಲಿ ದುಡ್ಡಿನ ಅಡಚಣೆ ಇತ್ತು, ದೊಡ್ಡಮ್ಮನಿಗೆ ಬೇಸರವೂ ಆಗಿತ್ತು. ತಮ್ಮನಿಗೆ ನಿನ್ನೆ ಅವರು ಹೇಳಿದ್ದು:

"ಇಲ್ಲಿ ಹತ್ತಿರ ಬಾ. ಹಸುವಿನ ಬೆನ್ನು ನೋಡು. ನೀಲಿ ಇದೆಯಾ? ಕೆಳಗಿನ ಹಸಿ ಮಣ್ಣು ನೋಡು, ಅಲ್ಲೂ ಇದೆ. ಟಾರ್ಪಾಲಿನ ಬೆಳಕು ಅದರ ಮೇಲೆಲ್ಲ ಬಿದ್ದಿತ್ತು. ಟಾರ್ಪಾಲ್ ಅಳಿಸಿದರೆ ಹಸುವಿನ ಬೆನ್ನು ಯಾಕೆ ನೀಲಿ ಅಂತ ಯಾರಿಗೆ ಹೇಳಲಿ? ಬೆನ್ನನ್ನೂ ಅಳಿಸಬೇಕು, ಮಣ್ಣನ್ನೂ ಅಳಿಸಬೇಕು. ಆಮೇಲೆ ನಾನು ಅಲ್ಲಿ ಕೂತದ್ದೇ ಸುಳ್ಳಾಗುತ್ತೆ."

ಕುಶಾಲನಗರ ಫ್ರೇಮ್ ಕೆಲಸ

ಮೂರು ಸಲ ಓದಿದೆ. ಇಪ್ಪತ್ತು ವರ್ಷದಿಂದ ಚಿತ್ರಕ್ಕೆ ಚೌಕಟ್ಟು ಹಾಕ್ತಾ ಇದ್ದೀನಿ, ಹಸುವಿನ ಬೆನ್ನು ನೋಡಿರಲಿಲ್ಲ. ತಂಗಿ, ಮೊದಲ ಹತ್ತು ಚಿತ್ರಕ್ಕೆ ಫ್ರೇಮ್ ನಾನು ಹಾಕಿಕೊಡ್ತೀನಿ. ಮರದ ದುಡ್ಡು ಮಾತ್ರ ಕೊಡಿ. ಹಿಂದೆ ನಾಲ್ಕು ಮೂಲೆಗೂ ಬಿರಡೆ ಚೂರು ಅಂಟಿಸ್ತೀನಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಓಡಾಡುತ್ತೆ. ಸಡಿಲವಾದ ಕ್ಯಾನ್ವಾಸ್‌ಗೆ ಮೂಲೆಯಲ್ಲಿ ಬೆಣೆ ಹೊಡೆದು ಬಿಗಿ ಮಾಡೋಣ, ಆದರೆ ಮಳೆಗಾಲ ಕಳೀಲಿ. ಈಗ ಬಿಗಿದರೆ ಬೇಸಗೆಯಲ್ಲಿ ಹರಿಯುತ್ತೆ.

ಮೈಸೂರು ಬಣ್ಣ

ಗ್ಯಾಲರಿಯಿಂದ ನೇರ ಬಸ್ ಹಿಡಿದು ಬಂದದ್ದು ಓದಿ ಕಣ್ಣಲ್ಲಿ ನೀರು ಬಂತು. ದಸರಾ ರಜೆಗೆ ಬಂದಾಗ ಅವರ ಹತ್ತಿರ ನಾಲ್ಕು ದಿನ ಕೂರಬಹುದಾ ಅಕ್ಕಾ? ನನ್ನ ಬಣ್ಣ ನಾನೇ ತರ್ತೀನಿ.

ಈಗ ಮಡಿಕೇರಿಯಲ್ಲಿ

ಇಲ್ಲಿ ಮೊದಲ ಸಲ ಬರೀತಿದ್ದೀನಿ. ಆ ಟಾರ್ಪಾಲಿನ ಚಿತ್ರದ ಒಂದು ಫೋಟೋ ಹಾಕೋಕಾಗುತ್ತಾ? ನಮ್ಮದು ಮಕ್ಕಂದೂರು ಕಡೆಯೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆ, ಕೊಟ್ಟಿಗೆ, ಗದ್ದೆ ಎಲ್ಲ ಹೋಯಿತು. ನಾವು ಹಿಂದಿನ ದಿನ ಹೊರಟಿದ್ದರಿಂದ ಜೀವ ಉಳೀತು. ಹಳೇ ಫೋಟೋ ಆಲ್ಬಮ್ ಮನೆ ಜೊತೆಗೇ ಹೋಯಿತು. ನಮ್ಮ ಕೊಟ್ಟಿಗೆಗೂ ನೀಲಿ ಟಾರ್ಪಾಲ್ ಇತ್ತು. ಎಲ್ಲರ ಕೊಟ್ಟಿಗೆಗೂ ಇರುತ್ತೆ, ಗೊತ್ತು. ಆದರೂ.

ಮಾದಾಪುರದ ಮಗಳು

ಫೋಟೋ ಹಾಕಿದ್ದೀನಿ ಅಣ್ಣಾ. ಹಿಂದುಗಡೆ ದೊಡ್ಡಪ್ಪ ಪೆನ್ಸಿಲ್‌ನಲ್ಲಿ 2011 ಅಂತ ಬರೆದಿದ್ದಾರೆ.

ಈಗ ಮಡಿಕೇರಿಯಲ್ಲಿ

ನಮ್ಮದೇ. ಟಾರ್ಪಾಲಿನ ಮೇಲೆ ಕಲ್ಲಿನ ಜೊತೆ ಒಂದು ಹಳೇ ಸೈಕಲ್ ಟೈರ್ ಇದೆ ನೋಡಿ, ಅದನ್ನು ಹಾಕಿದ್ದು ನಾನು. ಅಮ್ಮನಿಗೆ ತೋರಿಸಿದೆ. ಫೋನು ಕೈಯಲ್ಲೇ ಹಿಡ್ಕೊಂಡು ಕೂತಿದ್ದಾರೆ, ವಾಪಸ್ ಕೊಡ್ತಿಲ್ಲ. ಭಾನುವಾರ ಬರಬಹುದಾ?

ಮಾದಾಪುರದ ಮಗಳು

ಭಾನುವಾರ ಬಂದಿದ್ದರು. ಇಲ್ಲಿ ಕೇಳಿದವರಿಗೆಲ್ಲ ತಿಳಿಸಬೇಕು ಅನ್ನಿಸಿತು.

ಶನಿವಾರವೇ ದೊಡ್ಡಪ್ಪ ಆ ಚಿತ್ರದ ಬೆನ್ನು ಕೊಡವಿ, ಉತ್ತರದ ಕಿಟಕಿ ಪಕ್ಕ ಇಟ್ಟಿದ್ದರು, ಹಳದಿ ಸ್ವಲ್ಪವಾದರೂ ಬಿಡಲಿ ಅಂತ. ಆ ಅಮ್ಮ ಬಂದವರೇ ಚಿತ್ರದ ಮುಂದೆ ನೆಲದ ಮೇಲೆ ಕೂತರು. ಮಾತಿಲ್ಲ. ಗದ್ದೆಯ ಒಂದೊಂದು ಬದುವನ್ನೂ ಬೆರಳಲ್ಲಿ ಗಾಳಿಯಲ್ಲೇ ಎಳೀತಾ ಇದ್ದರು, ಬಣ್ಣ ಮುಟ್ಟದೆ. ಹಸುವಿನ ಹೆಸರು ಹೇಳಿದರು. ಆಮೇಲೆ ತಲೆಯೆತ್ತಿ, "ಮೇಷ್ಟ್ರೇ, ಒಂದು ಹಲಸಿನ ಮರ ಬಿಟ್ಟೋಗಿದೆ. ಕೊಟ್ಟಿಗೆ ಪಕ್ಕದಲ್ಲೇ ಇತ್ತು" ಅಂದರು.

ದೊಡ್ಡಪ್ಪ ಎದ್ದು ಒಳಗೆ ಹೋಗಿ 2011ರ ಸ್ಕೆಚ್ ಪುಸ್ತಕ ಹುಡುಕಿ ತಂದರು. ಪುಟ ತೆಗೆದು ತೋರಿಸಿ, "ನಾನು ಕೂತದ್ದು ಈ ಕೆಳಗಿನ ಬಂಡೆ ಮೇಲಮ್ಮ. ಇಲ್ಲಿಂದ ಮರ ಕೊಟ್ಟಿಗೆ ಹಿಂದೆ ಮರೆಯಾಗಿತ್ತು. ನೀವು ಎಲ್ಲಿಂದ ನೋಡ್ತಿದ್ರಿ?" ಅಂತ ಕೇಳಿದರು.

"ಅಡುಗೆಮನೆ ಕಿಟಕಿಯಿಂದ."

ಚಿತ್ರ ಅವರಿಗೇ ಕೊಟ್ಟರು. ದುಡ್ಡು ಮುಟ್ಟಲಿಲ್ಲ. ತಮ್ಮನೇ ಬೆಡ್‌ಶೀಟ್ ಸುತ್ತಿ ಜೀಪಿನ ಹಿಂದಿನ ಸೀಟಿನಲ್ಲಿ ನಿಲ್ಲಿಸಿ, ಬೀಳದ ಹಾಗೆ ಎರಡೂ ಕಡೆ ದಿಂಬು ಇಟ್ಟ. ಆದರೆ ಆ ಅಮ್ಮ ಜೀಪ್ ಹತ್ತಿದ್ದು ಒಂದು ಗಂಟೆ ಬಿಟ್ಟು. ಯಾಕೆಂದರೆ ದೊಡ್ಡಪ್ಪ ಜಗಲಿಯಲ್ಲಿ ಪೆನ್ಸಿಲ್ ಹಿಡಿದು ಅವರ ಎದುರು ಕೂತುಬಿಟ್ಟಿದ್ದರು. ನೋಡದೆ ಇರೋದನ್ನ ನಾನು ಬರೆಯಲ್ಲ ಅಂತ ಐವತ್ತು ವರ್ಷ ಹೇಳಿದವರು. ಕಿಟಕಿಗೆ ಎಷ್ಟು ಸರಳು ಇತ್ತು, ಮರದ ಮೊದಲ ಕವಲು ಎಷ್ಟೆತ್ತರಕ್ಕೆ, ಕಾಯಿ ಬಿಡುತ್ತಿದ್ದದ್ದು ಕಾಂಡಕ್ಕೋ ಕೊಂಬೆಗೋ, ಒಲೆ ಹಚ್ಚೋ ಹೊತ್ತಿಗೆ ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು ಅಂತ ಒಂದೊಂದಾಗಿ ಕೇಳ್ತಾ ಇದ್ದರು.